ಒಂದೇ ಅಮಾವಾಸ್ಯೆ, ಮೂರು ಮನೆ

ದಹಿಸರ್‌ನ ನಮ್ಮ ಕಟ್ಟಡಕ್ಕೆ ಆಷಾಢದ ಅಮಾವಾಸ್ಯೆ ಮೂರು ಹೆಸರಿನಲ್ಲಿ ಬರುತ್ತದೆ. ಎದುರುಮನೆಯ ಮರಾಠಿ ಕಾಕು ದೀಪಗಳನ್ನೆಲ್ಲ ತಿಕ್ಕಿ ತೊಳೆದು ಸಾಲಾಗಿಟ್ಟು ಪೂಜಿಸುತ್ತಾರೆ. ಅವರಿಗದು ದೀಪ ಅಮಾವಾಸ್ಯೆ. ಮೇಲಿನ ಮಹಡಿಯ ಮೈಸೂರಿನ ದಂಪತಿಗೆ ಭೀಮನ ಅಮಾವಾಸ್ಯೆ. ಹೊಸ್ತಿಲ ಮೇಲೆ ಭಂಡಾರ ಒಡೆಯಲು ಆಕೆಯ ಅಣ್ಣತಮ್ಮಂದಿರು ಇಲ್ಲಿಲ್ಲವಾದ್ದರಿಂದ ನನ್ನ ಮಗನಿಗೆ ಕರೆ ಬರುತ್ತದೆ. ಕಡುಬಿನೊಳಗಿನ ನಾಣ್ಯ ಅವನಿಗೆ ಲಾಭ!

ತುಳುನಾಡಿನವರಾದ ನಮಗೆ ಅದು ಆಟಿ ಅಮಾವಾಸ್ಯೆ, ಕಹಿ ಕಷಾಯದ ದಿನ. ಊರಿನಲ್ಲಿ ಬೆಳಕು ಹರಿಯುವ ಮೊದಲೇ ಹೋಗಿ ಪಾಲೆ ಮರದ, ಅಂದರೆ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತರುತ್ತಾರೆ. ಕತ್ತಿ ತಾಗಿಸುವಂತಿಲ್ಲ. ಅರೆದು ರಸ ತೆಗೆದು, ಬೆಳ್ಳುಳ್ಳಿ, ಓಮ, ಕಾಳುಮೆಣಸು ಸೇರಿಸಿ, ಕಾದ ಬಿಳಿಕಲ್ಲಿನ ಒಗ್ಗರಣೆ. ಖಾಲಿ ಹೊಟ್ಟೆಗೆ ಕಷಾಯ, ಆಮೇಲೆ ತಂಪಿಗೆ ಮೆಂತೆ ಗಂಜಿ.

ನಮ್ಮಲ್ಲಿ ತೊಗಟೆ ತರುತ್ತಿದ್ದವರು ಅಪ್ಪ. ಅವರು ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆ ಇಲ್ಲಿಗೆ ಬಂದರು. 2024ರ ಆಗಸ್ಟ್ 4, ಭಾನುವಾರ, ಅಮ್ಮ ಕಿಟಕಿಯಿಂದ ರಸ್ತೆಬದಿಯ ಮರವೊಂದನ್ನು ತೋರಿಸಿ, "ಅದೇ ಅಲ್ಲವಾ ಪಾಲೆ?" ಅಂದರು. ನಾನು ಬೇಡವೆಂದೆ. ಪಾಲೆಯೆಂದು ತಪ್ಪಿ ಕಾಸರಕದ ತೊಗಟೆ ತಂದರೆ ಅದರಲ್ಲಿರುವುದು ಸ್ಟ್ರಿಕ್ನಿನ್ ಎಂಬ ವಿಷ. ಮರ ಗುರುತಿಸುವುದನ್ನು ಅಪ್ಪನಿಂದ ನಾನು ಕಲಿತಿರಲಿಲ್ಲ; ಕೇಳಿಯೂ ಇರಲಿಲ್ಲ. ಅಮ್ಮ ಮಾತಾಡದೆ ಗಂಜಿ ಮಾತ್ರ ಮಾಡಿದರು.

ಮರುವಾರ ಆಫೀಸಿನಲ್ಲಿ ಜಪಾನಿನ ಕ್ಲೈಂಟ್‌ಗಳಿಗೆ ಒಬೋನ್ ರಜೆ. ಹಿರಿಯರ ಆತ್ಮಗಳು ಮನೆಗೆ ಬರುತ್ತವೆಂದು ದೀಪ ಹಚ್ಚಿ ಕಾಯುವ ಹಬ್ಬವದು. 1873ರಲ್ಲಿ ಅಲ್ಲಿ ಕ್ಯಾಲೆಂಡರ್ ಬದಲಾದ ಮೇಲೆ ಟೋಕಿಯೋದಲ್ಲಿ ಅದು ಜುಲೈಗೆ, ಹೆಚ್ಚಿನ ಕಡೆ ಆಗಸ್ಟ್ ಮಧ್ಯಕ್ಕೆ ಬಂತು. ದಿನ ಬದಲಾದರೂ ಹಿರಿಯರಿಗೆ ಕಾಯುವುದು ನಿಂತಿಲ್ಲ. ಆಟಿಯಲ್ಲಿ ನಾವೂ ತೀರಿಕೊಂಡವರಿಗೆ ಎಡೆ ಬಡಿಸುತ್ತೇವಲ್ಲ, ಅಪ್ಪ ನೆನಪಾದರು.

ಅಕ್ಟೋಬರ್ ಕೊನೆಗೆ ಆ ಮರ ಹೂಬಿಟ್ಟಿತು. ರಾತ್ರಿ ಇಡೀ ಬೀದಿಗೆ ಗಾಢ ವಾಸನೆ. ಕಾಕು ಅದನ್ನು ಸಾತ್ವಿಣ್ ಎಂದರು, ಸಪ್ತಪರ್ಣಿ. ಅಮ್ಮ ಹೇಳಿದ್ದೇ ಸರಿಯಾಗಿತ್ತು.

ರಸ್ತೆಬದಿಯ ಮರದ ತೊಗಟೆ ಕೀಳುವುದು ಈಗಲೂ ನನಗೆ ಒಪ್ಪಿಗೆಯಿಲ್ಲ. ಆದರೆ ಆ ಭಾನುವಾರ ಅಮ್ಮನನ್ನೂ ಮಗನನ್ನೂ ಕರೆದುಕೊಂಡು ಕೆಳಗಿಳಿದೆ. ಉದುರಿದ ಗೊಂಚಲೆತ್ತಿ ಅಮ್ಮ ಎಲೆ ಎಣಿಸಲು ಕಲಿಸಿದರು: ಒಂದೇ ಗಂಟಿನ ಸುತ್ತ ಏಳು, ಕೆಲವೊಮ್ಮೆ ಐದೋ ಆರೋ, ಮುರಿದರೆ ಬಿಳಿ ಹಾಲು. ಮಗ ಎಣಿಸಿದ. ನಾನೂ ಎಣಿಸಿದೆ.