ದನದ ದಡ್ಡಿಗೆ ತಕ್ಕ ಉಕ್ಕಿನ ಕೊಳವೆ: ಚೌಕವೋ, ಆಯತವೋ?

ಒಕ್ಕಲುತನಕ್ಕೆ ಎತ್ತು ಎಷ್ಟು ಅವಶ್ಯವೋ ಎತ್ತಿಗೆ ದಡ್ಡಿಯೂ ಅಷ್ಟೇ ಅವಶ್ಯವಾದುದು. ದಡ್ಡಿಯೆಂದರೆ ದನಕರುಗಳನ್ನು ಕೂಡುವ ಸ್ಥಳವೆಂದು ಕನ್ನಡದಲ್ಲಿ ಅರ್ಥವುಂಟು. ಹುಕ್ಕೇರಿ ತಾಲೂಕಿನಲ್ಲಿ ಈ ಹೆಸರಿನ ಊರೇ ಇರುವದು. ಘಟಪ್ರಭೆಯ ಈ ಸೀಮೆಯಲ್ಲಿ ಹಿಂದೆ ದಡ್ಡಿಗಳನ್ನು ಕಟ್ಟಿಗೆಯ ಕಂಬ, ತೊಲೆ, ಜಂತಿಗಳಿಂದ ಕಟ್ಟುತ್ತಿದ್ದರು. ಒಳ್ಳೆಯ ಕಟ್ಟಿಗೆಯು ತುಟ್ಟಿಯಾದುದರಿಂದಲೂ ಗೆದ್ದಲಿನ ಕಾಟದಿಂದಲೂ ಈಗ ಅನೇಕರು ಉಕ್ಕಿನ ಕೊಳವೆಗಳನ್ನು ನಿಲ್ಲಿಸಿ ಅವುಗಳ ಮೇಲೆ ತಗಡು ಹೊದಿಸುತ್ತಿರುವರು.

ಈ ಕೊಳವೆಗಳು, ಅಂದರೆ ಪೇಟೆಯಲ್ಲಿ ಪೈಪು ಎಂದು ಕರೆಯಲ್ಪಡುವವು, ಮುಖ್ಯವಾಗಿ ಎರಡು ಆಕಾರಗಳಲ್ಲಿ ದೊರೆಯುವವು. ನಾಲ್ಕು ಮಗ್ಗುಲುಗಳೂ ಸಮವಾಗಿರುವದು ಚೌಕ ಕೊಳವೆ. ಎರಡು ಮಗ್ಗುಲು ಅಗಲ, ಎರಡು ಮಗ್ಗುಲು ಕಿರಿದಾಗಿರುವದು ಆಯತ ಕೊಳವೆ. ಎಲ್ಲಿ ಯಾವುದನ್ನು ಹಾಕಬೇಕೆಂಬ ವಿಚಾರವನ್ನು ಯಜಮಾನರು ಬಹುಮಟ್ಟಿಗೆ ಅಂಗಡಿಕಾರನಿಗೂ ಬೆಸುಗೆಗಾರನಿಗೂ ಬಿಟ್ಟುಬಿಡುವದುಂಟು. ಇದು ಸರಿಯಲ್ಲ. ಒಂದು ಹಂಗಾಮಿನ ಕಬ್ಬಿನ ಹಣವೇ ಈ ಕೆಲಸಕ್ಕೆ ಹೋಗಬಹುದು. ಮೇಲ್ಚಾವಣಿ ಕುಸಿದರೆ ಕೆಳಗೆ ಕಟ್ಟಿದ ದನಗಳ ಜೀವಕ್ಕೇ ಅಪಾಯವು.

ಎರಡು ಕೊಳವೆಗಳ ಹೋಲಿಕೆ

ಮೂರು ಮಿಲಿಮೀಟರ್ ದಪ್ಪದ ಎರಡು ಕೊಳವೆಗಳನ್ನು ತೆಗೆದುಕೊಳ್ಳೋಣ. ಒಂದು 75 ಮಿ.ಮೀ. ಮಗ್ಗುಲಿನ ಚೌಕ, ಇನ್ನೊಂದು 100 ಮಿ.ಮೀ. ಮತ್ತು 50 ಮಿ.ಮೀ. ಮಗ್ಗುಲುಗಳ ಆಯತ. ಎರಡರ ಸುತ್ತಳತೆಯೂ 300 ಮಿ.ಮೀ.; ಆದಕಾರಣ ಅವುಗಳಲ್ಲಿರುವ ಉಕ್ಕೂ ಸಮ. ಆರು ಮೀಟರ್ ಉದ್ದದ ಒಂದೊಂದು ಕೊಳವೆ ಸುಮಾರು 40 ಕಿಲೋಗ್ರಾಂ ತೂಗುವದು. ಉಕ್ಕನ್ನು ತೂಕದ ಮೇಲೆ ಮಾರುವದರಿಂದ ಬೆಲೆಯಲ್ಲಿಯೂ ವಿಶೇಷ ಅಂತರವಿರದು. ಆದರೆ ಗುಣದಲ್ಲಿ ಬಹಳ ಅಂತರವುಂಟು.

ಎರಡು ಆಧಾರಗಳ ನಡುವೆ ಚೌಕ ಕೊಳವೆಯನ್ನಿಟ್ಟು ಭಾರ ಹೇರಿದಾಗ ಅದು 15 ಮಿ.ಮೀ. ಬಗ್ಗಿತೆಂದು ಎಣಿಸೋಣ. ಅದೇ ಅಂತರದಲ್ಲಿ, ಅದೇ ಭಾರಕ್ಕೆ, ಆಯತ ಕೊಳವೆಯನ್ನು ಕಿರಿದಾದ ಮಗ್ಗುಲು ಕೆಳಗಾಗುವಂತೆ ಎತ್ತರವಾಗಿ ನಿಲ್ಲಿಸಿದರೆ ಅದು ಸುಮಾರು 10 ಮಿ.ಮೀ. ಮಾತ್ರ ಬಗ್ಗುವದು. ಅದನ್ನೇ ಅಡ್ಡಡ್ಡವಾಗಿ ಮಲಗಿಸಿದರೆ 30 ಮಿ.ಮೀ. ಬಗ್ಗುವದು. ಕೊಳವೆಯೊಂದೇ, ಹಣವೊಂದೇ, ಇಡುವ ರೀತಿಯಿಂದ ಮೂರು ಪಟ್ಟು ವ್ಯತ್ಯಾಸವಾಯಿತು. ಮುರಿಯದೆ ಭಾರ ತಾಳುವ ಶಕ್ತಿಯೂ ಹೀಗೆಯೇ: ನಿಲ್ಲಿಸಿದ ಆಯತದ ಶಕ್ತಿಯು ಚೌಕಕ್ಕಿಂತ ಎಂಟನೆಯ ಒಂದು ಪಾಲು ಹೆಚ್ಚು, ಮಲಗಿಸಿದ ಆಯತದ್ದು ಕಾಲು ಪಾಲು ಕಡಿಮೆ.

ಹಲಗೆಯನ್ನು ಮಲಗಿಸಿ ಹಳ್ಳ ದಾಟಿದವರಿಗೆ ಇದು ಹೊಸ ಮಾತಲ್ಲ. ಮಲಗಿದ ಹಲಗೆ ಕಾಲ ಕೆಳಗೆ ಜೋಲುವದು. ಅಂಚಿನ ಮೇಲೆ ನಿಂತ ಹಲಗೆ ಜೋಲದು. ಇಟಲಿ ದೇಶದ ಪಂಡಿತನಾದ ಗೆಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ಸಂಗತಿಯನ್ನು ಲೆಕ್ಕದಿಂದ ತೋರಿಸಿಕೊಟ್ಟನು. ತೂಕವು ಸಮವಾಗಿದ್ದಾಗ ಗಟ್ಟಿ ಸರಳಿಗಿಂತ ಪೊಳ್ಳು ಕೊಳವೆಯೇ ಬಲವುಳ್ಳದ್ದೆಂದೂ ಅಲ್ಲಿಯೇ ವಿವರಿಸಿದನು.

ತೊಲೆ ಜಂತಿಗಳಿಗೆ ಆಯತ, ಕಂಬಕ್ಕೆ ಚೌಕ

ತೊಲೆಗಳಿಗೂ ಜಂತಿಗಳಿಗೂ ಭಾರವು ಮುಖ್ಯವಾಗಿ ಮೇಲಿನಿಂದ ಕೆಳಕ್ಕೆ ಬೀಳುವದು. ಆದ್ದರಿಂದ ಇವಕ್ಕೆ ಆಯತ ಕೊಳವೆಯನ್ನೇ ಹಾಕಿ, ಅಗಲವಾದ ಮಗ್ಗುಲನ್ನು ನೆಟ್ಟಗೆ ನಿಲ್ಲಿಸತಕ್ಕದ್ದು. ತಗಡಿಗೆ ಹೆಚ್ಚು ಅಗಲದ ಆಸರೆ ಸಿಗುವದೆಂದು ಕೆಲಸಗಾರರು ಜಂತಿಯನ್ನು ಮಲಗಿಸಬಹುದು. ಯಜಮಾನರು ಇದಕ್ಕೆ ಒಪ್ಪಕೂಡದು. ಆದರೆ ಇಳಿಜಾರಾದ ಮೇಲ್ಚಾವಣಿಯಲ್ಲಿ ನಿಂತ ಜಂತಿಯು ಪಕ್ಕಕ್ಕೂ ವಾಲಲು ನೋಡುವದು. ಅಂತರವು ದೊಡ್ಡದಿದ್ದಲ್ಲಿ ನಡುವೆ ಕಬ್ಬಿಣದ ಸರಳಿನಿಂದ ಜಂತಿಯಿಂದ ಜಂತಿಗೆ ಬಿಗಿದು, ಆ ಬಿಗಿತವನ್ನು ತುದಿಯವರೆಗೆ ಮುಟ್ಟಿಸಬೇಕು.

ಕಂಬದ ಸ್ಥಿತಿ ಬೇರೆ. ತಲೆಯ ಮೇಲೆ ಭಾರ ಹೊತ್ತ ನೀಳವಾದ ಕಂಬವು ತನ್ನ ಅಬಲವಾದ ದಿಕ್ಕಿಗೇ ಸೊಟ್ಟಗಾಗುವದು. ಮೇಲೆ ಹೇಳಿದ ಆಯತಕ್ಕೆ ಕಿರಿಯ ದಿಕ್ಕಿನಲ್ಲಿರುವ ಬಿಗುವು ಚೌಕದ ಬಿಗುವಿನ ಅರ್ಧ ಮಾತ್ರ. ಚೌಕಕ್ಕಾದರೋ ಎರಡೂ ದಿಕ್ಕುಗಳಲ್ಲಿ ಸಮಬಲವುಂಟು. ಗಾಳಿ ಯಾವ ಕಡೆಯಿಂದ ಬಡಿಯುವದೋ, ಎತ್ತು ಯಾವ ಕಡೆಗೆ ಮೈ ಉಜ್ಜುವದೋ ಹೇಳಲಾಗದ ಬಯಲು ದಡ್ಡಿಯಲ್ಲಿ ಚೌಕ ಕಂಬವೇ ಯೋಗ್ಯವಾದುದು. ಕಿರಿಯ ದಿಕ್ಕಿನಲ್ಲಿ ಗೋಡೆಯ ಇಲ್ಲವೆ ಅಡ್ಡಪಟ್ಟಿಯ ಬಿಗಿತವಿರುವಲ್ಲಿ ಮಾತ್ರ ಆಯತ ಕಂಬವು ಸಲ್ಲುವದು. ಇದಲ್ಲದೆ, 75 ಮಿ.ಮೀ. ಚೌಕ ಕಂಬದ ತಲೆಗೆ ಉಕ್ಕಿನ ತಟ್ಟೆ ಹೊಂದಿಸಿ ಅದರ ಮೇಲೆ 50 ಮಿ.ಮೀ. ಅಗಲದ ತೊಲೆ ಕೂಡಿಸಿದರೆ ಎರಡೂ ಬದಿಗೆ ಬೆಸುಗೆ ಹಾಕಲು ಎಡೆ ಉಳಿಯುವದು.

ಈ ಅಳತೆಗಳನ್ನು ಹೋಲಿಕೆಯ ಸಲುವಾಗಿ ಹೇಳಿದೆ. ದಡ್ಡಿಯ ಅಗಲ, ಎತ್ತರ, ಗಾಳಿಯ ರಭಸಗಳನ್ನು ನೋಡಿ ತಕ್ಕ ಅಳತೆಯನ್ನು ಇಂಜಿನಿಯರರಿಂದ ಗೊತ್ತುಮಾಡಿಸಿಕೊಳ್ಳುವದು ಹಿತಕರವು.

ಕೊಳ್ಳುವಾಗ ಮತ್ತು ಕಟ್ಟುವಾಗ ಗಮನಿಸತಕ್ಕ ಸಂಗತಿಗಳು

1. ಚೌಕ, ಆಯತ ಕೊಳವೆಗಳ ಗುಣಮಟ್ಟಕ್ಕೆ ಐ.ಎಸ್. 4923 ಎಂಬ ಭಾರತೀಯ ಮಾನಕವುಂಟು. ಆ ಗುರುತನ್ನು ನೋಡಿಯೇ ಕೊಳ್ಳಬೇಕು.

2. ಕೊಳವೆಯನ್ನು ತೂಗಿಸಿ ನೋಡಬೇಕು. ಮೇಲೆ ಹೇಳಿದ ಅಳತೆಯ ಕೊಳವೆ 40ರ ಬದಲು 27 ಕಿಲೋಗ್ರಾಂ ತೂಗಿದರೆ ಅದರ ದಪ್ಪ 3 ಅಲ್ಲ, 2 ಮಿ.ಮೀ. ಎಂದು ತಿಳಿಯತಕ್ಕದ್ದು. ಹೊರಗಿನ ಅಳತೆಯಿಂದ ಈ ಕೊರತೆ ಕಣ್ಣಿಗೆ ಬೀಳದು.

3. ಹೆಚ್ಚು ಗಡಸಾದ ಉಕ್ಕು ಹೆಚ್ಚು ಭಾರ ತಾಳುವದು ನಿಜ. ಆದರೆ ಅದರಿಂದ ಬಗ್ಗುವಿಕೆ ಕಡಿಮೆಯಾಗದು. ಅದಕ್ಕೆ ಆಕಾರವೂ ಎತ್ತರವೂ ಬೇಕು.

4. ಕೊಳವೆಯ ಬಾಯಿಗಳನ್ನು ತಟ್ಟೆಯಿಂದ ಮುಚ್ಚಬೇಕು. ಒಳಗೆ ನೀರು ಸೇರಿದರೆ ಹೊರಗೆ ಕಾಣದಂತೆ ತುಕ್ಕು ತಿನ್ನುವದು.

5. ಸಗಣಿ ಗಂಜಳಗಳು ಉಕ್ಕನ್ನು ಬೇಗನೆ ಕೆಡಿಸುವವು. ಆದಕಾರಣ ಕಂಬದ ಬುಡವನ್ನು ನೆಲದಿಂದ ಮೇಲಕ್ಕೆತ್ತಿದ ಕಾಂಕ್ರೀಟಿನ ಪೀಠದಲ್ಲಿ ಗಟ್ಟಿಯಾಗಿ ನಿಲ್ಲಿಸಬೇಕು.

6. ಸತುವಿನ ಲೇಪವುಳ್ಳ ಕೊಳವೆಯಲ್ಲಿ ಬೆಸುಗೆಯ ಜಾಗದ ಲೇಪವು ಸುಟ್ಟುಹೋಗುವದು. ಅಲ್ಲಿ ಸತುವಿನ ಬಣ್ಣವನ್ನು ಮತ್ತೆ ಬಳಿಯಬೇಕು. ಸತುವಿನ ಹೊಗೆ ಅಪಾಯಕರವಾದ್ದರಿಂದ ಬೆಸುಗೆಯನ್ನು ಬಯಲಲ್ಲಿ ಮಾಡಿಸತಕ್ಕದ್ದು.

7. ತಗಡಿನ ಮೇಲ್ಚಾವಣಿಯನ್ನು ಗಾಳಿಯು ಮೇಲಕ್ಕೂ ಎತ್ತುವದು. ತಗಡು ಜಂತಿಗೆ, ಜಂತಿ ತೊಲೆಗೆ, ತೊಲೆ ಕಂಬಕ್ಕೆ, ಕಂಬ ತಳಪಾಯಕ್ಕೆ ಬಿಗಿಯಾಗಿ ಕೂಡಿರಬೇಕು. ಇವುಗಳಲ್ಲಿ ಒಂದು ಸಡಿಲಿದರೂ ಉಳಿದವು ನಿಷ್ಫಲವಾಗುವವು.

ಹೀಗೆ ಚೌಕವೂ ಉತ್ತಮ, ಆಯತವೂ ಉತ್ತಮ. ತನ್ನ ತನ್ನ ಸ್ಥಾನದಲ್ಲಿದ್ದಾಗ ಮಾತ್ರ. ಊರ ಹಿರಿಯರು ಮುಂಗಾರಿನ ಗಾಳಿಮಳೆಗೆ ಮೊದಲೇ ತಮ್ಮ ಊರಿನ ಹೊಸ ದಡ್ಡಿಗಳನ್ನು ಒಮ್ಮೆ ನೋಡಿ, ಮಲಗಿಸಿದ ಜಂತಿಗಳಿದ್ದಲ್ಲಿ ಯಜಮಾನರಿಗೆ ತಿಳಿಯಹೇಳಬೇಕು. ಕೆಲಸವು ಇನ್ನೂ ನಡೆದಿದ್ದರೆ, ಬೆಸುಗೆಗೆ ಮುಂಚೆ ಕೊಳವೆಯನ್ನು ಒಂದು ಮಗ್ಗುಲು ಹೊರಳಿಸುವದಕ್ಕೆ ಬಿಡಿಕಾಸಿನ ಖರ್ಚೂ ಇರುವದಿಲ್ಲ.