ಕಾಯುವ ಮಾಲು, ಕರಗುವ ಹಣ



ಕಲಬುರಗಿ ಎಂದೊಡನೆ ನಮಗೆ ನೆನಪಾಗುವುದು ತೊಗರಿಬೇಳೆ. ಅದೇ ಊರಿನಲ್ಲಿ ಪೂಜ್ಯ ದೊಡ್ಡಪ್ಪ ಅಪ್ಪ ಎಂಜಿನಿಯರಿಂಗ್ ಕಾಲೇಜು 1958ರಿಂದ ನಡೆಯುತ್ತಿದೆ. 2017ರಲ್ಲಿ ಶರಣಬಸವ ವಿಶ್ವವಿದ್ಯಾಲಯವೂ ಆರಂಭವಾಯಿತು. ಎಂಜಿನಿಯರಿಂಗ್ ಓದುವ ಮಕ್ಕಳ ಬಾಯಲ್ಲಿ ಈಗ ಎರಡು ಮಾತು ಹೆಚ್ಚಾಗಿ ಕೇಳಿಬರುತ್ತವೆ: 'ಲೀನ್' ಮತ್ತು 'ಸ್ಮಾರ್ಟ್' ತಯಾರಿಕೆ. ಇವು ಕಾರ್ಖಾನೆಯವರ ಮಾತು, ತೋಟದವರಿಗೇಕೆ ಎಂದು ತಳ್ಳಿಹಾಕುವಂತಿಲ್ಲ.

ಲೀನ್ ಎಂದರೆ ದುಂದಿಲ್ಲದ ತಯಾರಿಕೆ. ಎರಡನೆಯ ಮಹಾಯುದ್ಧದ ಅನಂತರ ಜಪಾನಿನ ಟೊಯೋಟ ಕಾರ್ಖಾನೆಯಲ್ಲಿ ತೈಚಿ ಓನೋ ಎಂಬವರು ಈ ಪದ್ಧತಿಯನ್ನು ಬೆಳೆಸಿದರು. ಅವರು ಗುರುತಿಸಿದ ದುಂದುಗಳು ಏಳು: ಬೇಕಾದುದಕ್ಕಿಂತ ಹೆಚ್ಚು ತಯಾರಿಸುವುದು, ಕಾಯುವುದು, ಅನಾವಶ್ಯಕ ಸಾಗಾಟ, ಅತಿಯಾದ ಸಂಸ್ಕರಣೆ, ದಾಸ್ತಾನು, ಕೆಲಸಗಾರನ ವೃಥಾ ಓಡಾಟ ಮತ್ತು ಕೆಟ್ಟ ಮಾಲು. ಇನ್ನು ಸ್ಮಾರ್ಟ್ ಎಂದರೆ ಯಂತ್ರವೇ ತನ್ನ ಕೆಲಸವನ್ನು ಅಳೆದು, ತಪ್ಪು ಕಂಡೊಡನೆ ತಿಳಿಸುವುದು. ಟೊಯೋಡ ಮನೆತನದವರು 1924ರಲ್ಲಿ ಪೂರ್ಣಗೊಳಿಸಿದ ಮಗ್ಗ, ನೂಲು ಕಡಿದರೆ ತಾನಾಗಿ ನಿಲ್ಲುತ್ತಿತ್ತು. ಇಂದಿನ ಸೆನ್ಸರುಗಳ ಮೂಲ ತತ್ತ್ವವೂ ಅದೇ.

ಕಲಬುರಗಿಯ ಕಡೆ ಇದರ ಉಪಯೋಗವನ್ನು ನೋಡೋಣ. ತೊಗರಿ ಕಾಳಿನಲ್ಲಿ ಬೇಳೆಯ ಭಾಗ ನೂರಕ್ಕೆ ಸುಮಾರು 85. ಗಿರಣಿಯಿಂದ ಬರುವ ಬೇಳೆಯಾದರೋ ಸಾಮಾನ್ಯವಾಗಿ 70ರಿಂದ 75. ಉಳಿದದ್ದು ನುಚ್ಚು, ಪುಡಿಯಾಗಿ ದನದ ಮೇವಿಗೆ ಹೋಗುತ್ತದೆ. ಕಾಳಿನ ತೇವ, ಕಲ್ಲಿನ ಅಂತರ ಇವುಗಳನ್ನು ಅಳೆದು ನಡೆಸಿದರೆ ಉಳಿಯುವುದು ಇಲ್ಲಿಯೇ. ಹುಮನಾಬಾದ್ ರಸ್ತೆಯ ಕಮಲಾಪುರ ಕೆಂಪು ಬಾಳೆಗೆ ಪ್ರಸಿದ್ಧ. ಅದಕ್ಕೆ ಜಿಐ ಗುರುತೂ ಸಿಕ್ಕಿದೆ. ಸುಮಾರು ಒಂದೂವರೆ ವರ್ಷ ಕಾದು ಪಡೆದ ಗೊನೆ, ಕಡಿದ ಮೇಲೆ ಹತ್ತು ಕೈ ಬದಲಾದರೆ ಪ್ರತಿ ಕೈಯಲ್ಲೂ ಒಂದು ಕಪ್ಪು ಕಲೆ ಬೀಳುತ್ತದೆ. ಇಲ್ಲಿ ಬೇಕಾದುದು ದೊಡ್ಡ ಯಂತ್ರವಲ್ಲ; ಒಂದೆರಡು ಬಾರಿ ಎತ್ತಿ ಇಳಿಸುವುದನ್ನು ಕಡಿಮೆ ಮಾಡುವುದು.

ನಮ್ಮ ಅಂಗಳಕ್ಕೆ ಬರೋಣ. ಅಡಿಕೆ ಸುಲಿಯುವ ಯಂತ್ರವೊಂದಿದೆ, ಬೇಯಿಸುವ ಹಂಡೆಯೂ ಒಂದೇ ಇದೆ ಎನ್ನಿ. ಎರಡನೆಯ ಯಂತ್ರ ತಂದರೆ ಸುಲಿದ ಅಡಿಕೆಯ ರಾಶಿ ಹಂಡೆಯ ಮುಂದೆ ಬೆಳೆಯುತ್ತದೆಯೇ ಹೊರತು ಅಟ್ಟಕ್ಕೆ ಏರುವ ಅಡಿಕೆ ಹೆಚ್ಚುವುದಿಲ್ಲ. ಕಾದಷ್ಟೂ ಬಣ್ಣ ಮಂಕಾಗುತ್ತದೆ, ಸಾಲದ ಬಡ್ಡಿ ಮಾತ್ರ ಕಾಯುವುದಿಲ್ಲ.

ಕಾಫಿಯದು ಇನ್ನೂ ಸ್ಪಷ್ಟ. ಪಾರ್ಚ್‌ಮೆಂಟ್ ಕಾಫಿಯ ತೇವಾಂಶ ಶೇಕಡಾ 10ಕ್ಕೆ ಬಂದರೆ ಸಾಕು. 'ಇನ್ನೊಂದು ಬಿಸಿಲು ಕಾಣಲಿ' ಎಂದು ಕಣದಲ್ಲಿಯೇ ಬಿಟ್ಟು ಅದು 8ಕ್ಕೆ ಇಳಿದರೆ, ಸಾವಿರ ಕಿಲೋ ಮಾಲು ಸುಮಾರು 978 ಕಿಲೋ ಆಗುತ್ತದೆ. 22 ಕಿಲೋ ತೂಕ ಗಾಳಿಗೆ ಹೋಯಿತು. ಮೇಲೆ ಒಂದು ದಿನದ ಆಳಿನ ಕೂಲಿ. ಮೊದಲೇ ಚೀಲ ಕಟ್ಟಿದರೆ ಬೂಷ್ಟು ಹಿಡಿಯುವ ಭಯ. ಹಲ್ಲಿನಲ್ಲಿ ಕಚ್ಚಿ ನೋಡುವ ಅನುಭವ ದೊಡ್ಡದೇ. ಆದರೆ ತೇವ ಮಾಪಕ ಎರಡೂ ಕಡೆಯ ನಷ್ಟವನ್ನು ಅಂಕಿಯಲ್ಲಿ ತೋರಿಸುತ್ತದೆ. ಸಣ್ಣ ಬೆಳೆಗಾರನಿಗೆ ಒಗ್ಗುವ ಸ್ಮಾರ್ಟ್ ಉಪಕರಣವೆಂದರೆ ಇದೇ. ನಾಲ್ಕಾರು ಮನೆಯವರು ಸೇರಿ ಒಂದನ್ನು ಕೊಂಡರೂ ನಡೆದೀತು.

ಆದಕಾರಣ ನಮ್ಮ ಸಲಹೆ ಇಷ್ಟು. ಈ ಸಲದ ಕೊಯ್ಲಿನಲ್ಲಿ ಯಂತ್ರಕ್ಕೆ ಸಾಲ ಕೇಳುವ ಮೊದಲು ಒಂದು ವಾರ ನೋಟುಪುಸ್ತಕ ಇಡಿ. ಮಾಲು ಯಾವ ಹೊತ್ತಿಗೆ ಬಂತು, ಎಲ್ಲಿ ಎಷ್ಟು ಗಂಟೆ ಕಾಯಿತು, ಎಷ್ಟು ಕೆಟ್ಟಿತು ಎಂದು ಬರೆಯಿರಿ. ಹೆಚ್ಚು ಹೊತ್ತು ಕಾದ ಜಾಗ ಯಾವುದೋ ಹಣ ಹಾಕಬೇಕಾದ ಜಾಗ ಅದೇ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊನೆಯ ವರ್ಷದಲ್ಲಿ ಒಂದು ಪ್ರಾಜೆಕ್ಟ್ ಮಾಡಬೇಕಾಗುತ್ತದೆ. ಮನೆಯಲ್ಲಿ ಅಂತಹ ಮಕ್ಕಳಿದ್ದರೆ ಈ ಪುಸ್ತಕವನ್ನು ಅವರ ಮುಂದಿಡಿ. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ 2023ರಲ್ಲಿ ಲೀನ್ ಯೋಜನೆಯನ್ನು ಹೊಸದಾಗಿ ಆರಂಭಿಸಿದೆ. ಸಂಸ್ಕರಣಾ ಘಟಕವನ್ನು ಉದ್ದಿಮೆಯಾಗಿ ನೋಂದಾಯಿಸಿರುವ ಸದಸ್ಯರು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಬಹುದು.

ಧಾರಣೆ ನಮ್ಮ ಕೈಯಲ್ಲಿಲ್ಲ. ಕಣದ ಲೆಕ್ಕ ನಮ್ಮ ಕೈಯಲ್ಲೇ ಇದೆ.

— ಕಾರ್ಯದರ್ಶಿ