ನೋವಿನ ವೇಳೆಯಲ್ಲಿ ಮನಸ್ಸಿಗೊಂದು ಬೇರೆ ಠಾವು

ಕಹಿಯಾದ ಔಷಧವನ್ನು ಮೋರೆ ಕಿವುಚಿಯಾದರೂ ಕುಡಿಯುವ ಮಗುವು, ಗಾಯದ ಪಟ್ಟಿಯನ್ನು ಬಿಚ್ಚುವ ಹೊತ್ತಿಗೆ ಚಿಟ್ಟನೆ ಚೀರುವದು. ಮಕ್ಕಳಿರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಕಳೆದ ವರ್ಷ ಬೈರಿದೇವರಕೊಪ್ಪದ ನಮ್ಮ ಮನೆಯಲ್ಲಿ ಆರು ವರ್ಷದ ಮೊಮ್ಮಗನ ಮುಂಗೈಯ ಮೇಲೆ ಬಚ್ಚಲದ ಬಿಸಿನೀರು ಚೆಲ್ಲಿ ಚರ್ಮವು ಸುಲಿಯಿತು. ಎರಡು ದಿನಕ್ಕೊಮ್ಮೆ ಅವನನ್ನು ಚಿಗರಿ ಬಸ್ಸಿನಲ್ಲಿ ಕುಳ್ಳಿರಿಸಿಕೊಂಡು ಪಟ್ಟಿ ಬದಲಿಸಲು ಹುಬ್ಬಳ್ಳಿಗೆ ಒಯ್ಯುತ್ತಿದ್ದೆವು. ಬಸ್ಸಿನಿಂದ ಇಳಿಯುತ್ತಲೇ ಅವನು ನನ್ನ ಧೋತರದ ಅಂಚನ್ನು ಹಿಡಿದು, “ಅಜ್ಜಾ, ಇವತ್ತ ಬ್ಯಾಡ” ಎನ್ನುವನು. ಜೀವಮಾನವನ್ನೆಲ್ಲ ಮಕ್ಕಳ ನಡುವೆ ಕಳೆದ ನಾನು ಶಾಲೆಯ ದನಿಯಲ್ಲಿಯೇ, “ಗಂಡಸಾಗಿ ಅಳತಿಯೇನು?” ಎಂದು ಗದರಿಸಿದೆನು. ಹುಡುಗನು ಅಳುವನ್ನು ನುಂಗಿದನು. ನೋವು ಮಾತ್ರ ಎಳ್ಳಷ್ಟೂ ತಗ್ಗಲಿಲ್ಲ. ಮುಂದಿನ ಸಾರೆ ಅಂಜಿಕೆಯು ಇಮ್ಮಡಿಯಾಯಿತು. ಮೂರನೆಯ ಸಾರೆ ಅವನ ಅಜ್ಜಿಯು ಮಗ್ಗುಲಲ್ಲಿ ಕುಳಿತು, ದಾರಿಯಲ್ಲಿ ಉಣಕಲ್ಲ ಕೆರೆಯ ದಂಡೆಗೆ ಎಷ್ಟು ಕೊಕ್ಕರೆ ಕಂಡವೆಂದು ಕೇಳಿ, ಅವುಗಳಲ್ಲೊಂದರ ಕಥೆಯನ್ನು ಹೂಡಿದಳು. ಹುಡುಗನು ಅತ್ತನು, ನಿಜ, ಆದರೆ ಅಳುವಿನ ನಡುನಡುವೆ “ಮುಂದ ಏನಾತು?” ಎಂದು ಕೇಳಿದನು. ಕಥೆ ಮುಗಿಯುವ ಮೊದಲೇ ಹಳೆಯ ಪಟ್ಟಿ ಬಿಚ್ಚಿತ್ತು.

ಆ ಕೊಕ್ಕರೆಯು ಮಾಡಿದ ಕೆಲಸವನ್ನೇ ಈಗ ವೈದ್ಯರು ಒಂದು ಯಂತ್ರದಿಂದ ಮಾಡಿಸುತ್ತಿರುವರೆಂಬುದನ್ನು ಆಮೇಲೆ ಓದಿ ತಿಳಿದೆನು. ಅದಕ್ಕೆ ವರ್ಚುವಲ್ ರಿಯಾಲಿಟಿ ಎಂದು ಹೆಸರು. ನಾವು ಭಾಸಲೋಕ ಎನ್ನಬಹುದು. ಕಣ್ಣುಗಳನ್ನು ಪೂರ್ತಿಯಾಗಿ ಮುಚ್ಚುವ ದಪ್ಪ ಕನ್ನಡಕದಂಥ ಸಾಧನವನ್ನು ರೋಗಿಯ ತಲೆಗೆ ತೊಡಿಸುವರು. ಅದರೊಳಗೆ ಎರಡು ಕಣ್ಣುಗಳಿಗೆ ತುಸು ಬೇರೆ ಬೇರೆಯಾದ ಚಿತ್ರಗಳು ಕಾಣುವದರಿಂದ ನೋಟಕ್ಕೆ ಆಳವು ಬರುವದು. ತಲೆಯನ್ನು ಹೊರಳಿಸಿದ ಕಡೆಗೆ ದೃಶ್ಯವೂ ಹೊರಳುವದು. ಹೀಗಾಗಿ ರೋಗಿಯು ಚಿತ್ರವನ್ನು ಹೊರಗೆ ನಿಂತು ನೋಡುವದಿಲ್ಲ. ಅದರ ಒಳಗೇ ಹೊಕ್ಕಂತಾಗುವನು.

ಅಮೇರಿಕೆಯ ಸಿಯಾಟಲ್ ನಗರದಲ್ಲಿ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ ಎಂಬ ಮನಶ್ಶಾಸ್ತ್ರಜ್ಞರು ಸುಟ್ಟ ಗಾಯದ ರೋಗಿಗಳಿಗೆ ಈ ಉಪಾಯವನ್ನು ಹೂಡಿ, ತಮ್ಮ ಮೊದಲಿನ ಅನುಭವಗಳನ್ನು 2000ರಲ್ಲಿ ಪ್ರಕಟಿಸಿದರು. ಅವರು ನಿರ್ಮಿಸಿದ ‘ಸ್ನೋವರ್ಲ್ಡ್’ ಎಂಬ ಭಾಸಲೋಕದಲ್ಲಿ ರೋಗಿಯು ಮಂಜಿನ ಕಣಿವೆಯೊಳಗೆ ತೇಲುತ್ತ, ಹಿಮದ ಗೊಂಬೆಗಳಿಗೆ ಹಿಮದ ಉಂಡೆಗಳನ್ನು ಎಸೆಯುತ್ತ ಸಾಗುವನು. ಬೆಂಕಿಯಿಂದ ಬೆಂದವನಿಗೆ ಹಿಮದ ಲೋಕ! 2004ರಲ್ಲಿ ಅವರು 8 ಜನ ನಿರೋಗಿಗಳಿಗೆ ಹಿತಮಿತವಾಗಿ ಬಿಸಿಯ ನೋವನ್ನು ಕೊಟ್ಟು ಮಿದುಳಿನ ಚಿತ್ರ ತೆಗೆದು ನೋಡಲಾಗಿ, ಭಾಸಲೋಕದಲ್ಲಿದ್ದಾಗ ನೋವಿಗೆ ಸಂಬಂಧಿಸಿದ 5 ಭಾಗಗಳಲ್ಲಿ ಚಟುವಟಿಕೆಯು ತಗ್ಗಿದುದು ಕಂಡುಬಂದಿತು. ಅಂದಮೇಲೆ ಇದು ರೋಗಿಯು ದಾಕ್ಷಿಣ್ಯಕ್ಕೆ ಹೇಳಿದ ಮಾತಲ್ಲ.

ಇಷ್ಟು ದೂರ ಹೋಗಬೇಕಾದುದೂ ಇಲ್ಲ. ನಮ್ಮ ಮಂಗಳೂರಿನ ಹತ್ತಿರದ ದೇರಳಕಟ್ಟೆಯ ಎ. ಬಿ. ಶೆಟ್ಟಿ ಸ್ಮಾರಕ ದಂತವೈದ್ಯ ಸಂಸ್ಥೆಯವರು 5ರಿಂದ 8 ವರ್ಷದ 120 ಮಕ್ಕಳನ್ನು ಎರಡು ಗುಂಪು ಮಾಡಿ, ಹಲ್ಲಿನ ಚಿಕಿತ್ಸೆಯ ವೇಳೆಗೆ ಒಂದಕ್ಕೆ ಭಾಸಲೋಕವನ್ನು ತೋರಿಸಿ, ಇನ್ನೊಂದನ್ನು ರೂಢಿಯ ಕ್ರಮದಿಂದ ಸಂತೈಸಿ ಪರೀಕ್ಷಿಸಿದರು. 2019ರಲ್ಲಿ ಪ್ರಕಟವಾದ ಅವರ ವರದಿಯ ಮೇರೆಗೆ ಭಾಸಲೋಕವನ್ನು ಕಂಡ ಮಕ್ಕಳಲ್ಲಿ ನೋವೂ ಅಂಜಿಕೆಯೂ ಕಡಿಮೆ; ಅಂಜಿಕೆಯ ಕಾಲಕ್ಕೆ ಏರುವ ಕಾರ್ಟಿಸಾಲ್ ಎಂಬ ರಸವು ಸಹ ಅವರ ಜೊಲ್ಲಿನಲ್ಲಿ ಇಳಿದಿತ್ತು.

ಇದರ ಮರ್ಮವೇನು? ಮನಸ್ಸು ಅಣುವೆಂದೂ, ಆದುದರಿಂದ ಏಕಕಾಲಕ್ಕೆ ಎರಡು ಜ್ಞಾನಗಳು ಅದರಲ್ಲಿ ಹುಟ್ಟಲಾರವೆಂದೂ ನಮ್ಮ ನೈಯಾಯಿಕರು ಬಹು ಹಿಂದೆಯೇ ವಾದಿಸಿದ್ದರು. 1965ರಲ್ಲಿ ಮೆಲ್‌ಜ್ಯಾಕ್ ಮತ್ತು ವಾಲ್ ಎಂಬ ವಿದ್ವಾಂಸರು, ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಒಂದು ಬಾಗಿಲಿನಂಥ ಏರ್ಪಾಡಿದೆ, ಮಿದುಳಿನಿಂದ ಇಳಿದು ಬರುವ ಸಂದೇಶಗಳು ಅದನ್ನು ತೆರೆಯಲೂ ಮುಚ್ಚಲೂ ಬಲ್ಲವು ಎಂದು ಪ್ರತಿಪಾದಿಸಿದರು. ಎರಡೂ ಒಂದೇ ಸಿದ್ಧಾಂತವೆಂದು ಹೇಳುವ ಸಾಹಸವನ್ನು ನಾನು ಮಾಡುವದಿಲ್ಲ. ಅವಧಾನವೆಂಬುದು ಅಳತೆಯುಳ್ಳ ವಸ್ತು, ಅದು ಬೇರೆಡೆಗೆ ವೆಚ್ಚವಾದಷ್ಟು ನೋವಿನ ಪಾಲಿಗೆ ಕಡಿಮೆಯಾಗುವದೆಂಬಷ್ಟನ್ನು ಗ್ರಹಿಸಿದರೆ ಸಾಕು.

ಆದರೆ ಈ ಯಂತ್ರವು ಗಾಯವನ್ನು ಮಾಯಿಸದು. ನೋವು ತಡೆಯುವ ಔಷಧಕ್ಕೂ ಮರವು ಬರಿಸುವ ಸೂಜಿಮದ್ದಿಗೂ ಇದು ಬದಲಿಯಲ್ಲ, ಜೊತೆಗಾರ. ಕೆಲವರಿಗೆ ತಲೆ ತಿರುಗಿ ವಾಕರಿಕೆ ಬರುವದುಂಟು; ಮೂರ್ಛೆರೋಗವುಳ್ಳವರು ವೈದ್ಯರನ್ನು ಕೇಳದೆ ತೊಡಬಾರದು; ಮುಖಕ್ಕೇ ಗಾಯವಾದವರು ತೊಡುವದಂತೂ ಕಠಿಣ.

ಯಂತ್ರವು ಎಲ್ಲ ಆಸ್ಪತ್ರೆಗಳಿಗೂ ಬರುವ ತನಕ ಗೃಹಸ್ಥರು ಕೈಕಟ್ಟಿ ಕುಳ್ಳಿರಬೇಕಾಗಿಲ್ಲ. ಪಟ್ಟಿ ಬಿಚ್ಚುವದಕ್ಕೆ ಎಷ್ಟು ಹೊತ್ತು ಮೊದಲು ನೋವಿನ ಔಷಧ ಕೊಡಬೇಕೆಂದು ವೈದ್ಯರನ್ನು ಕೇಳಿರಿ. “ನೋಯುವದೇ ಇಲ್ಲ” ಎಂದು ಮಗುವಿಗೆ ಸುಳ್ಳು ಹೇಳಬೇಡಿರಿ. ಒಮ್ಮೆ ಕೆಟ್ಟ ನಂಬಿಕೆಯು ಮರಳಿ ಕೂಡುವದು ಕಷ್ಟ. ಮಗುವೇ ಉತ್ತರ ಹೇಳಬೇಕಾದ ಕಥೆಯನ್ನೋ ಒಗಟನ್ನೋ ಸಿದ್ಧಮಾಡಿಕೊಂಡು ಹೋಗಿರಿ. ಬರಿದೆ ಕೇಳುವದಕ್ಕಿಂತ ತಾನೂ ಪಾಲುಗೊಳ್ಳುವ ಮನಸ್ಸು ಹೆಚ್ಚು ತೊಡಗುವದು. ಎಲ್ಲಕ್ಕೂ ಮಿಗಿಲಾಗಿ, ಅಳುವ ಮಗುವನ್ನು ನನ್ನಂತೆ ಗದರಿಸಬೇಡಿರಿ.

ಮೊಮ್ಮಗನ ಕೈ ಈಗ ಮಾಯ್ದಿದೆ. ಬಿಳಿಯ ಕಲೆಯೊಂದು ಉಳಿದಿದೆ. ಅದರ ವಿಷಯ ಯಾರಾದರೂ ಕೇಳಿದರೆ ಅವನು ಬಿಸಿನೀರಿನ ಮಾತನ್ನು ಬೇಗನೆ ಮುಗಿಸಿ ಕೊಕ್ಕರೆಯ ಕಥೆಗೆ ತೊಡಗುತ್ತಾನೆ. ನಾನು ಗದರಿಸಿದ್ದನ್ನು ಅವನು ಯಾರಿಗೂ ಹೇಳುವದಿಲ್ಲ. ಆದುದರಿಂದ ನಾನೇ ಇಲ್ಲಿ ಹೇಳಿದ್ದೇನೆ.